ಕ್ಯೂಬ್ ಕಟ್ಟೋಣ, ಶ್ರುತಿ ಮಾಡೋಣ

ರೂಬಿಕ್ಸ್ ಕ್ಯೂಬ್ ಎಂದರೆ ನಮ್ಮ ಶಾಲೆಯಲ್ಲಿ ಯಾರಿಗೆ ತಾನೆ ಗೊತ್ತಿಲ್ಲ? ಬೆಳಗಿನ ಬಸ್ಸಿನಲ್ಲಿ, ಊಟದ ವಿರಾಮದಲ್ಲಿ, ಕೆಲವೊಮ್ಮೆ (ಟೀಚರ್ ಕ್ಷಮಿಸಬೇಕು) ಪಾಠದ ನಡುವೆ ಡೆಸ್ಕಿನ ಕೆಳಗೂ ಅದು ಕಿರ್ ಕಿರ್ ಎನ್ನುತ್ತಲೇ ಇರುತ್ತದೆ. ಕ್ಯೂಬನ್ನು ಬಿಡಿಸಿದವರು ಬಹಳ ಮಂದಿ ಇದ್ದಾರೆ. ಆದರೆ ಬಿಚ್ಚಿ ಒಳಗೆ ನೋಡಿದವರು ಕಡಿಮೆ. ಒಂಬತ್ತನೇ ತರಗತಿಯಲ್ಲಿ ಕನ್ನಡ ಓದುವ ನಾವು ನಾಲ್ವರು ಈ ಸಲ ಬಿಡಿ ಭಾಗಗಳಿಂದ ಐದು ಕ್ಯೂಬ್‌ಗಳನ್ನು ಕಟ್ಟಿದೆವು. ಕಟ್ಟುವಾಗ ಕಲಿತದ್ದನ್ನೂ ಮಾಡಿದ ಒಂದು ದೊಡ್ಡ ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇವೆ. ಓದಿದ ಮೇಲೆ ನೀವೂ ನಿಮ್ಮ ಕ್ಯೂಬನ್ನು ಒಮ್ಮೆ ಬಿಚ್ಚಿ ನೋಡಿ.

ಒಂದು ಹಳೆಯ ಪೆಟ್ಟಿಗೆ

ಬೇಸಿಗೆ ರಜೆ ಮುಗಿದು ಶಾಲೆ ಮತ್ತೆ ಶುರುವಾದಾಗ ಗಣಿತ ಕೂಟದ ಕಪಾಟನ್ನು ಸ್ವಚ್ಛ ಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ಹಳೆಯ ಚಾರ್ಟುಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಐದು ಪೊಟ್ಟಣ. ಪ್ರತಿ ಪೊಟ್ಟಣದಲ್ಲೂ ಕಪ್ಪು ಪ್ಲಾಸ್ಟಿಕ್ಕಿನ ತುಂಡುಗಳು, ಸ್ಕ್ರೂಗಳು, ಸ್ಪ್ರಿಂಗುಗಳು, ಬಣ್ಣದ ಸ್ಟಿಕ್ಕರುಗಳ ಒಂದು ಹಾಳೆ. ಯಾರೋ ಹಿರಿಯ ವಿದ್ಯಾರ್ಥಿಗಳು ತರಿಸಿ ಜೋಡಿಸದೆ ಬಿಟ್ಟು ಹೋದದ್ದು.

ಇವು ಸಮಯದ ಪಂದ್ಯಕ್ಕೆ ಎಂದೇ ಮಾಡಿದ ಬಿಡಿಭಾಗದ ಕ್ಯೂಬ್‌ಗಳು ಎಂದು ಸರ್ ಹೇಳಿದರು. ಅಂಗಡಿಯಲ್ಲಿ ಸಿಗುತ್ತಿದ್ದ ಸಾಮಾನ್ಯ ಕ್ಯೂಬ್ ಬಿಗಿಯಾಗಿರುತ್ತಿತ್ತು, ಹಲವು ಕ್ಯೂಬ್‌ಗಳಲ್ಲಿ ಒಳಗೆ ಸ್ಕ್ರೂ ಬದಲು ಹೊಡೆದು ಕೂರಿಸಿದ ರಿವೆಟ್ ಇರುತ್ತಿತ್ತು. ಬಿಗಿ ಹೆಚ್ಚು ಕಡಿಮೆ ಮಾಡಲು ದಾರಿಯೇ ಇರುತ್ತಿರಲಿಲ್ಲ. ಆದ್ದರಿಂದ 2000ದ ದಶಕದಲ್ಲಿ ವೇಗದ ಆಟಗಾರರು ಇಂಥ ಪೊಟ್ಟಣ ತರಿಸಿ ತಮ್ಮ ಕೈಗೆ ಒಗ್ಗುವಂತೆ ತಾವೇ ಕಟ್ಟಿಕೊಳ್ಳುತ್ತಿದ್ದರು. ಈಗ ಜೋಡಿಸಿದ, ಒಳಗೆ ಪುಟ್ಟ ಮ್ಯಾಗ್ನೆಟ್ ಇರುವ ವೇಗದ ಕ್ಯೂಬ್‌ಗಳೇ ಸುಲಭವಾಗಿ ಸಿಗುತ್ತವೆ. ಆದರೂ ಒಳಗಿನ ಏರ್ಪಾಡು ಅದೇ.

"ನೀವೇ ಕಟ್ಟಿ. ಆಮೇಲೆ ಐದನೇ ತರಗತಿಯ ಐವರಿಗೆ ಕಲಿಸಿ. ಡಿಸೆಂಬರ್ 22ಕ್ಕೆ ಅವರು ಎಲ್ಲರೆದುರು ಬಿಡಿಸಬೇಕು" ಎಂದರು ಸರ್. ಡಿಸೆಂಬರ್ 22 ಶ್ರೀನಿವಾಸ ರಾಮಾನುಜನ್ ಅವರ ಹುಟ್ಟುಹಬ್ಬ. 2012ರಿಂದ ಭಾರತದಲ್ಲಿ ಅದನ್ನು ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸುತ್ತಾರೆ. ಮಸ್ಕತ್ತಿನಲ್ಲಿರುವ ನಮ್ಮ ಶಾಲೆಯಲ್ಲೂ ಆ ದಿನ ಕಾರ್ಯಕ್ರಮ ಇರುತ್ತದೆ.

ಒಳಗೆ ಏನಿದೆ?

1974ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಎರ್ನೊ ರೂಬಿಕ್ ಎಂಬ ಅಧ್ಯಾಪಕರು ಈ ಕ್ಯೂಬನ್ನು ಮಾಡಿದರು. ಅವರನ್ನು ಮೊದಲು ಕಾಡಿದ್ದು ಬಣ್ಣದ ಒಗಟಲ್ಲ. ಇಷ್ಟೊಂದು ತುಂಡುಗಳು ಎಲ್ಲ ದಿಕ್ಕಿಗೂ ತಿರುಗಬೇಕು, ಆದರೂ ಕಳಚಿ ಬೀಳಬಾರದು. ಅದು ಹೇಗೆ? ಇದೇ ಅವರ ಪ್ರಶ್ನೆ. ಎಲಾಸ್ಟಿಕ್‌ನಿಂದ ಕಟ್ಟಿ ನೋಡಿದರೆ ಅದು ಹರಿದು ಹೋಗುತ್ತಿತ್ತು. ಕೊನೆಗೆ ತುಂಡುಗಳೇ ಒಂದನ್ನೊಂದು ಹಿಡಿದುಕೊಳ್ಳುವ ಏರ್ಪಾಡನ್ನು ಕಂಡುಕೊಂಡರು.

ಹೊರಗಿನಿಂದ ನೋಡಿದರೆ 3 × 3 × 3 = 27 ಪುಟ್ಟ ಘನಗಳು ಇರಬೇಕು ಅನ್ನಿಸುತ್ತದೆ. ಎಣಿಸಿ ನೋಡಿ, ಹೊರಗೆ ಕಾಣುವುದು 26 ಮಾತ್ರ. ಒಳಗೆ ನಡುವಿನಲ್ಲಿ ಘನ ಇಲ್ಲ. ಅಲ್ಲಿರುವುದು ಆರು ತೋಳುಗಳ ಒಂದು ಕೋರ್. ನಮ್ಮ ಪೊಟ್ಟಣದಲ್ಲಿ ಇದ್ದದ್ದು ಇಷ್ಟು:

ಕೋರ್ 1
ಮಧ್ಯದ ತುಂಡು 6, ಅವಕ್ಕೆ ಮುಚ್ಚಳ 6
ಅಂಚಿನ ತುಂಡು 12
ಮೂಲೆಯ ತುಂಡು 8
ಸ್ಕ್ರೂ 6, ಸ್ಪ್ರಿಂಗ್ 6, ಜೊತೆಗೆ ವಾಷರ್‌ಗಳು
ಸ್ಟಿಕ್ಕರ್ 54

ಸ್ಟಿಕ್ಕರಿನ ಲೆಕ್ಕ ಸರಿಯೇ ಎಂದು ಹೀಗೆ ನೋಡಬಹುದು. ಮಧ್ಯದ ತುಂಡಿಗೆ ಒಂದೇ ಬಣ್ಣ: 6 × 1 = 6. ಅಂಚಿನ ತುಂಡಿಗೆ ಎರಡು ಬಣ್ಣ: 12 × 2 = 24. ಮೂಲೆಯ ತುಂಡಿಗೆ ಮೂರು ಬಣ್ಣ: 8 × 3 = 24. ಒಟ್ಟು 54.

ಇಲ್ಲಿ ಒಂದು ಮುಖ್ಯ ವಿಷಯ ತಿಳಿಯುತ್ತದೆ. ಮಧ್ಯದ ತುಂಡುಗಳು ಕೋರಿಗೆ ಸ್ಕ್ರೂವಿನಿಂದ ಬಿಗಿದಿವೆ. ಅವು ನಿಂತಲ್ಲೇ ತಿರುಗುತ್ತವೆಯೇ ಹೊರತು ಜಾಗ ಬದಲಿಸುವುದಿಲ್ಲ. ಆದ್ದರಿಂದ ಒಂದು ಮುಖದ ಬಣ್ಣ ಯಾವುದು ಎಂದು ಹೇಳುವುದು ಅದರ ಮಧ್ಯದ ತುಂಡು. ಉಳಿದ 20 ತುಂಡುಗಳಿಗೆ ಸ್ಕ್ರೂ ಇಲ್ಲ, ಅಂಟಿಲ್ಲ. ಮಧ್ಯದ ತುಂಡು ಅಂಚಿನ ತುಂಡನ್ನು ಹಿಡಿದಿರುತ್ತದೆ, ಅಂಚಿನ ತುಂಡು ಮೂಲೆಯ ತುಂಡನ್ನು ಹಿಡಿದಿರುತ್ತದೆ.

ಜೋಡಿಸುವ ಕ್ರಮ

ಒಂದು ಗುರುವಾರ ಶಾಲೆ ಬಿಟ್ಟ ಮೇಲೆ ಕೆಲಸಕ್ಕೆ ಕುಳಿತೆವು. ಮೇಜಿನ ಮೇಲೆ ಒಂದು ಟವೆಲ್ ಹಾಸಿ ಕುಳಿತುಕೊಳ್ಳಿ. ಇಲ್ಲದಿದ್ದರೆ ಸ್ಪ್ರಿಂಗ್ ಉರುಳಿ ಸೋಫಾದ ಕೆಳಗೆ ಸೇರುತ್ತದೆ. ನಮ್ಮದು ಎರಡು ಹಾಗೇ ಹೋದವು.

1. ಸ್ಕ್ರೂವಿಗೆ ಮೊದಲು ವಾಷರ್ ಹಾಕಿ, ಅದರ ಮೇಲೆ ಸ್ಪ್ರಿಂಗ್ ಹಾಕಿ. ಅದನ್ನು ಮಧ್ಯದ ತುಂಡಿನೊಳಗೆ ಇಳಿಸಿ ಕೋರಿನ ಒಂದು ತೋಳಿಗೆ ತಿರುಗಿಸಿ. ಸ್ಕ್ರೂ ನೇರವಾಗಿ ಇಳಿಯಬೇಕು. ಓರೆಯಾಗಿ ಇಳಿದರೆ ಆ ಮುಖ ಎಂದಿಗೂ ಸರಿಯಾಗಿ ತಿರುಗುವುದಿಲ್ಲ.

2. ಆರೂ ತೋಳಿಗೆ ಹೀಗೇ ಮಾಡಿ. ಈಗಲೇ ಪೂರ್ತಿ ಬಿಗಿಯಬೇಡಿ. ಪ್ಲಾಸ್ಟಿಕ್ಕಿನೊಳಗಿನ ಮರೆ ಒಮ್ಮೆ ಸವೆದರೆ ಸ್ಕ್ರೂ ಮತ್ತೆ ನಿಲ್ಲುವುದಿಲ್ಲ.

3. ಕೋರನ್ನು ಮೇಜಿನ ಮೇಲಿಟ್ಟು ಕೆಳಗಿನ ಪದರದಿಂದ ಶುರುಮಾಡಿ. ಕೆಳಗೆ ನಾಲ್ಕು ಅಂಚು, ನಾಲ್ಕು ಮೂಲೆ. ಅವು ಬೀಳದಂತೆ ಒಬ್ಬರು ಕೈಯಲ್ಲಿ ಹಿಡಿದುಕೊಂಡರೆ ಸುಲಭ.

4. ನಡುವಿನ ಪದರಕ್ಕೆ ನಾಲ್ಕು ಅಂಚಿನ ತುಂಡುಗಳನ್ನು ಕೂರಿಸಿ. ಈಗ ಕೆಳಗಿನದು ತಾನಾಗಿ ನಿಲ್ಲುತ್ತದೆ.

5. ಮೇಲಿನ ಪದರಕ್ಕೆ ನಾಲ್ಕು ಮೂಲೆ, ಮೂರು ಅಂಚು ಹಾಕಿ. ಉಳಿಯುವುದು ಒಂದೇ ಒಂದು ಅಂಚಿನ ತುಂಡು. ಮೇಲಿನ ಪದರವನ್ನು ಅರ್ಧ ತಿರುವು, ಅಂದರೆ 45 ಡಿಗ್ರಿ ತಿರುಗಿಸಿ, ಆ ತುಂಡನ್ನು ಖಾಲಿ ಜಾಗಕ್ಕೆ ಇಟ್ಟು ಹೆಬ್ಬೆರಳಿನಿಂದ ಒತ್ತಿ. "ಟಕ್" ಎಂದು ಕೂರುತ್ತದೆ.

ಮೊದಲನೆಯದಕ್ಕೆ ನಮಗೆ ಒಂದು ಗಂಟೆ ಹಿಡಿಯಿತು. ಐದನೆಯದು ಹತ್ತೇ ನಿಮಿಷದಲ್ಲಿ ಮುಗಿಯಿತು.

ಕೊನೆಗೆ ಸ್ಟಿಕ್ಕರ್. ಸ್ಟಿಕ್ಕರ್ ಅಂಟಿಸುವವರೆಗೆ ಎಲ್ಲ ಮೂಲೆಗಳೂ ಒಂದೇ, ಎಲ್ಲ ಅಂಚುಗಳೂ ಒಂದೇ. ಯಾವುದನ್ನು ಎಲ್ಲಿ ಹಾಕಿದರೂ ನಡೆಯುತ್ತದೆ. ಅಂಟಿಸಿದ ಮೇಲೆ ಪ್ರತಿ ತುಂಡಿಗೂ ತನ್ನದೇ ಮನೆ ನಿಶ್ಚಯವಾಗುತ್ತದೆ. ಬಣ್ಣದ ಕ್ರಮ ಹೀಗಿರಲಿ: ಬಿಳಿಗೆ ಎದುರು ಹಳದಿ, ಹಸಿರಿಗೆ ಎದುರು ನೀಲಿ, ಕೆಂಪಿಗೆ ಎದುರು ಕಿತ್ತಳೆ. ಬಿಳಿಯನ್ನು ಮೇಲೆ, ಹಸಿರನ್ನು ನಿಮ್ಮ ಎದುರು ಹಿಡಿದರೆ ಬಲಗಡೆ ಕೆಂಪು ಬರಬೇಕು. ಮಧ್ಯದ ಸ್ಟಿಕ್ಕರನ್ನು ಮುಚ್ಚಳದ ಮೇಲೆ ಮಾತ್ರ ಅಂಟಿಸಿ. ಮುಚ್ಚಳ ತೆಗೆದರೆ ತಾನೆ ಒಳಗಿನ ಸ್ಕ್ರೂ ಸಿಗುವುದು!

ನಮ್ಮ ತಪ್ಪು

ಐದು ಕ್ಯೂಬ್‌ಗಳು ಸಿದ್ಧವಾದವು. ಇನ್ನು ಸ್ಕ್ರೂ ಬಿಗಿ ಮಾಡುವುದು ಬಾಕಿ. ವೇಗ ಬೇಕಾದರೆ ಸಡಿಲ ಇರಬೇಕು ಎಂದು ನಾವೇ ತೀರ್ಮಾನಿಸಿದೆವು. ಸ್ಕ್ರೂಗಳನ್ನು ಮನಸ್ಸಿಗೆ ಬಂದಷ್ಟು ಸಡಿಲ ಬಿಟ್ಟೆವು. ಬೆರಳು ತಾಗಿದರೆ ಸಾಕು, ಕ್ಯೂಬ್ ಫ್ಯಾನಿನಂತೆ ತಿರುಗುತ್ತಿತ್ತು. ನಮಗೆ ಬಹಳ ಖುಷಿ.

ಐದನೇ ತರಗತಿಯ ಐವರಿಗೆ ಒಂದೊಂದು ಕ್ಯೂಬ್ ಕೊಟ್ಟು ವಾರಕ್ಕೆ ಎರಡು ದಿನ ಕಲಿಸಿದೆವು. ಮೊದಲು ಬಿಳಿ ಪದರ, ಆಮೇಲೆ ನಡುವಿನದು, ಕೊನೆಗೆ ಹಳದಿ. ಮೂರು ವಾರದಲ್ಲಿ ನಾಲ್ವರು ಬಿಡಿಸಿದರು. ಒಬ್ಬ ಹುಡುಗನಿಗೆ ಮಾತ್ರ ಕೊನೆಯ ಹೆಜ್ಜೆ ಬರಲೇ ಇಲ್ಲ.

"ಅಣ್ಣಾ, ನೀವು ಹೇಳಿದ ಹಾಗೇ ಮಾಡ್ತೇನೆ. ಕೊನೆಗೆ ಒಂದು ಮೂಲೆ ಮಾತ್ರ ತಿರುಗಿ ಕೂತ್ಕೊಳ್ತದೆ" ಎಂದ.

"ಎಲ್ಲೋ ಒಂದು ಹೆಜ್ಜೆ ಮರ್ತಿದ್ದೀಯ. ಮೊದಲಿಂದ ಮಾಡು" ಎಂದೆವು. ಅವನ ಕ್ಯೂಬನ್ನು ಕೈಯಲ್ಲಿ ಹಿಡಿದು ನೋಡಲೂ ಇಲ್ಲ. ಅವನು ಮೊದಲಿನಿಂದ ಮಾಡಿದ. ಮರುದಿನವೂ ಮಾಡಿದ. ಉಳಿದ ನಾಲ್ವರು ನಗತೊಡಗಿದರು. ನಮ್ಮಲ್ಲಿ ಒಬ್ಬರು, ಯಾರೆಂದು ಬರೆಯುವುದಿಲ್ಲ, ಅವರ ಜೊತೆ ಸೇರಿ ನಕ್ಕದ್ದೂ ನಿಜ. ಆಮೇಲೆ ಎರಡು ತರಗತಿಗೆ ಅವನು ಬರಲಿಲ್ಲ.

ಒಂದು ಮಧ್ಯಾಹ್ನ ಅವನ ಅಮ್ಮ ಬಸ್ ನಿಲ್ಲುವಲ್ಲಿ ನಮ್ಮನ್ನು ಕಂಡು ಕ್ಯೂಬನ್ನು ಕೈಗಿತ್ತರು. "ಇದನ್ನು ವಾಪಸ್ ಕೊಡು ಅಂದ ಮಕ್ಕಳೇ. ರಾತ್ರಿ ಹತ್ತು ಗಂಟೆವರೆಗೂ ಇದನ್ನೇ ತಿರುಗಿಸ್ತಾ ಕೂತಿರ್ತಾನೆ. 'ನನ್ನ ತಲೆಯೇ ಸರಿ ಇಲ್ಲಮ್ಮ' ಅಂತಾನೆ. ಗಣಿತವೂ ಬೇಡವಂತೆ ಈಗ" ಎಂದರು. ಅವರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಬಸ್ಸಿನಲ್ಲಿ ನಾವೇ ಬಿಡಿಸಲು ಕುಳಿತೆವು. ಕೊನೆಗೆ ಒಂದೇ ಒಂದು ಮೂಲೆ ತಿರುಗಿ ಕುಳಿತಿತ್ತು. ಮತ್ತೆ ಮಾಡಿದೆವು. ಮತ್ತೆ ಅದೇ. ನಾಲ್ವರೂ ಒಬ್ಬರಾದ ಮೇಲೆ ಒಬ್ಬರು ಮಾಡಿದೆವು. ಅದೇ.

ಆಗ ನೆನಪಾಯಿತು. ಕೊಡುವ ಮೊದಲು ನಾವು ಅದನ್ನು ಜೋರಾಗಿ ತಿರುಗಿಸಿ ತೋರಿಸುವಾಗ ಮೂರು ತುಂಡು ಹಾರಿ ನೆಲಕ್ಕೆ ಬಿದ್ದಿದ್ದವು. ಬಣ್ಣ ಕಲಸಿದ್ದ ಆ ಕ್ಯೂಬಿಗೆ ತುಂಡುಗಳನ್ನು ಅವಸರದಲ್ಲಿ ಸಿಕ್ಕ ಹಾಗೆ ಒತ್ತಿ ಕೊಟ್ಟುಬಿಟ್ಟಿದ್ದೆವು.

ಹನ್ನೆರಡರಲ್ಲಿ ಒಂದು

ಕ್ಯೂಬನ್ನು ಬಿಚ್ಚಿ, ಬಣ್ಣ ನೋಡದೆ ಹೇಗೆಂದರೆ ಹಾಗೆ ಜೋಡಿಸಿದರೆ ಎಷ್ಟು ವಿಧ ಆದೀತು? ಎಂಟು ಮೂಲೆಗಳನ್ನು ಎಂಟು ಜಾಗದಲ್ಲಿ ಇಡುವ ಬಗೆ 40,320. ಪ್ರತಿ ಮೂಲೆಯನ್ನೂ ಮೂರು ರೀತಿ ಕೂರಿಸಬಹುದು, ಅದು 6,561. ಹನ್ನೆರಡು ಅಂಚುಗಳನ್ನು ಇಡುವ ಬಗೆ 47,90,01,600. ಪ್ರತಿ ಅಂಚನ್ನೂ ಎರಡು ರೀತಿ ಕೂರಿಸಬಹುದು, ಅದು 4,096. ಈ ನಾಲ್ಕನ್ನೂ ಗುಣಿಸಿದರೆ ಬರುವುದೇ ಒಟ್ಟು ಜೋಡಣೆಗಳು.

ಆದರೆ ಸರಿಯಾಗಿರುವ ಒಂದು ಕ್ಯೂಬನ್ನು ಕೈಯಲ್ಲಿ ತಿರುಗಿಸಿ ಮಾತ್ರ ಇವೆಲ್ಲವನ್ನೂ ತಲುಪಲು ಆಗುವುದಿಲ್ಲ. ಅದಕ್ಕೆ ಮೂರು ನಿಯಮಗಳಿವೆ.

ಮೊದಲನೆಯದು ಮೂಲೆಯ ನಿಯಮ. ಕೂರಬೇಕಾದ ರೀತಿಗಿಂತ ಬಲಕ್ಕೆ ತಿರುಗಿ ಕುಳಿತ ಮೂಲೆಗೆ 1, ಎಡಕ್ಕೆ ತಿರುಗಿ ಕುಳಿತ ಮೂಲೆಗೆ 2, ಸರಿಯಾಗಿ ಕುಳಿತದ್ದಕ್ಕೆ 0 ಎಂದು ಲೆಕ್ಕ ಹಾಕಿ. ಎಷ್ಟೇ ತಿರುಗಿಸಿದರೂ ಎಂಟು ಮೂಲೆಗಳ ಮೊತ್ತ 3ರಿಂದ ಭಾಗವಾಗುತ್ತಲೇ ಇರುತ್ತದೆ. ಒಂದೇ ಮೂಲೆ ತಿರುಗಿದ್ದರೆ ಮೊತ್ತ 1 ಅಥವಾ 2. ಅದು ಅಸಾಧ್ಯ.

ಎರಡನೆಯದು ಅಂಚಿನ ನಿಯಮ. ಮಗುಚಿ ಕುಳಿತ ಅಂಚುಗಳ ಸಂಖ್ಯೆ ಯಾವಾಗಲೂ ಸಮಸಂಖ್ಯೆ. ಒಂದೇ ಅಂಚು ಮಗುಚಲು ಸಾಧ್ಯವಿಲ್ಲ.

ಮೂರನೆಯದು ಅದಲು ಬದಲಿನ ನಿಯಮ. ಉಳಿದವೆಲ್ಲ ತಮ್ಮ ಜಾಗದಲ್ಲಿದ್ದು ಎರಡೇ ಎರಡು ತುಂಡುಗಳು ಅದಲು ಬದಲಾಗಲು ಸಾಧ್ಯವಿಲ್ಲ.

ಮೂಲೆಯ ನಿಯಮದಿಂದ ಮೂರರಲ್ಲಿ ಒಂದು ಪಾಲು, ಅಂಚಿನ ನಿಯಮದಿಂದ ಎರಡರಲ್ಲಿ ಒಂದು ಪಾಲು, ಅದಲು ಬದಲಿನ ನಿಯಮದಿಂದ ಎರಡರಲ್ಲಿ ಒಂದು ಪಾಲು ಉಳಿಯುತ್ತದೆ. 3 × 2 × 2 = 12. ಅಂದರೆ ಕುರುಡಾಗಿ ಜೋಡಿಸಿದ ಹನ್ನೆರಡು ಕ್ಯೂಬ್‌ಗಳಲ್ಲಿ ಸರಾಸರಿ ಒಂದನ್ನು ಮಾತ್ರ ಬಿಡಿಸಬಹುದು. ಉಳಿದ ಹನ್ನೊಂದನ್ನು ಎಂಥ ಜಾಣನಿಗೂ ತಿರುಗಿಸಿ ಬಿಡಿಸಲಾಗದು. ಒಟ್ಟು ಜೋಡಣೆಗಳನ್ನು 12ರಿಂದ ಭಾಗಿಸಿದರೆ ಕ್ಯೂಬಿನ ನಿಜವಾದ ಸ್ಥಿತಿಗಳ ಸಂಖ್ಯೆ ಸಿಗುತ್ತದೆ: 4,32,52,00,32,74,48,98,56,000. ಇಷ್ಟೊಂದು ಸ್ಥಿತಿಗಳಲ್ಲಿ ಯಾವುದನ್ನಾದರೂ 20 ಅಥವಾ ಅದಕ್ಕೂ ಕಡಿಮೆ ತಿರುವುಗಳಲ್ಲಿ ಬಿಡಿಸಬಹುದು ಎಂದು 2010ರಲ್ಲಿ ಕಂಪ್ಯೂಟರ್‌ಗಳ ಸಹಾಯದಿಂದ ಸಾಧಿಸಿ ತೋರಿಸಿದರು.

ಆ ಹುಡುಗನ ಕ್ಯೂಬಿಗೆ ಆ 20 ತಿರುವುಗಳೂ ಇರಲಿಲ್ಲ. ಒಂದು ಲಕ್ಷ ಸಲ ತಿರುಗಿಸಿದ್ದರೂ ಆಗುತ್ತಿರಲಿಲ್ಲ. ಅವನು ಒಂದು ಹೆಜ್ಜೆಯನ್ನೂ ಮರೆತಿರಲಿಲ್ಲ. ಒಂದೇ ಮೂಲೆ ತಿರುಗಿ ಕುಳಿತದ್ದೇ ಅವನು ಉಳಿದೆಲ್ಲ ಹೆಜ್ಜೆಗಳನ್ನು ಸರಿಯಾಗಿ ಮಾಡಿದ್ದಕ್ಕೆ ಸಾಕ್ಷಿ.

ನೆನಪಿಡಿ, ನಿಮ್ಮ ಕ್ಯೂಬಿನ ಕೊನೆಯಲ್ಲಿ ಒಂದೇ ಮೂಲೆ ತಿರುಗಿ ಕುಳಿತರೆ ಆ ಮೂಲೆಯನ್ನು ಬಿಚ್ಚಿ ಸರಿಯಾಗಿ ಕೂರಿಸಿ. ಒಂದೇ ಅಂಚು ಮಗುಚಿದ್ದರೆ ಅದನ್ನು ತೆಗೆದು ತಿರುಗಿಸಿ ಹಾಕಿ. ಎರಡೇ ತುಂಡುಗಳು ಅದಲು ಬದಲಾಗಿದ್ದರೆ ಎರಡನ್ನೂ ತೆಗೆದು ಬದಲಿಸಿ. ಇದು ಮೋಸವಲ್ಲ, ರಿಪೇರಿ.

ಶ್ರುತಿ ಮಾಡುವುದು

ಐದೂ ಕ್ಯೂಬ್‌ಗಳನ್ನು ವಾಪಸ್ ತಂದು ಹೊಸದಾಗಿ ಶುರುಮಾಡಿದೆವು. ನಮ್ಮಲ್ಲೊಬ್ಬನ ಅಪ್ಪ ಕಾರಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾರೆ. ನಾವು ಸ್ಕ್ರೂ ತಿರುಗಿಸುವುದನ್ನು ನೋಡಿ ಅವರು ಹೇಳಿದ ಮಾತು ಇದು: "ಟಯರಿನ ನಟ್ಟು ಒಂದರ ಪಕ್ಕ ಒಂದು ಬಿಗಿಯುದಲ್ಲ ಮಾರಾಯ. ಎದುರುಬದುರು ಬಿಗಿಬೇಕು. ಅದೂ ಸ್ವಲ್ಪ ಸ್ವಲ್ಪವೇ."

ನಮ್ಮ ಕ್ಯೂಬಿಗೂ ಅದೇ ಸರಿಹೋಯಿತು. ನಾವು ಅನುಸರಿಸಿದ ಕ್ರಮ ಹೀಗಿದೆ.

ಮೊದಲು ಆರೂ ಮುಚ್ಚಳಗಳನ್ನು ತೆಗೆದು ಎಲ್ಲ ಸ್ಕ್ರೂಗಳನ್ನು ಮೆಲ್ಲಗೆ, ಸಮನಾಗಿ ಬಿಗಿ ಮಾಡಿ. ಕ್ಯೂಬ್ ತಿರುಗಬೇಕು, ಆದರೆ ಕಷ್ಟಪಟ್ಟು ತಿರುಗಬೇಕು. ಅಲ್ಲಿಂದ ಸಡಿಲಿಸುತ್ತಾ ಬನ್ನಿ. ಬಿಳಿಯ ಸ್ಕ್ರೂ ಕಾಲು ಸುತ್ತು ಸಡಿಲಿಸಿದರೆ ಅದರ ಎದುರಿನ ಹಳದಿಯದನ್ನೂ ಕಾಲು ಸುತ್ತು. ಹಸಿರಿನದಾದರೆ ನೀಲಿಯದನ್ನೂ. ಕೆಂಪಿನದಾದರೆ ಕಿತ್ತಳೆಯದನ್ನೂ. ಒಂದು ಸುತ್ತು ಮುಗಿದ ಮೇಲೆ ಕ್ಯೂಬನ್ನು ಹತ್ತಿಪ್ಪತ್ತು ಸಲ ತಿರುಗಿಸಿ ನೋಡಿ, ಆಮೇಲೆ ಮುಂದಿನ ಕಾಲು ಸುತ್ತು.

ಸರಿಯಾದ ಬಿಗಿ ಎಂದು ತಿಳಿಯಲು ಮೂರು ಪರೀಕ್ಷೆಗಳಿವೆ.

ಎಳೆಯುವ ಪರೀಕ್ಷೆ: ಒಂದು ಪದರವನ್ನು ಬೆರಳಿನಿಂದ ಮೆಲ್ಲಗೆ ಹೊರಗೆ ಎಳೆಯಿರಿ. ಸ್ವಲ್ಪ ಸಂದು ಕಾಣುತ್ತದೆ. ಆರೂ ಕಡೆ ಈ ಸಂದು ಒಂದೇ ಸಮ ಇರಬೇಕು. ಒಂದು ಕಡೆ ಹೆಚ್ಚು ಇದ್ದರೆ ಅಲ್ಲೇ ತುಂಡು ಹಾರುವುದು.

ಓರೆ ಪರೀಕ್ಷೆ: ಮೇಲಿನ ಪದರವನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿ ಬಲಗಡೆಯ ಪದರವನ್ನು ತಿರುಗಿಸಿ. ಮೇಲಿನದು ತಾನಾಗಿ ನೇರಕ್ಕೆ ಬಂದು ದಾರಿ ಬಿಡಬೇಕು. ಅವಸರದಲ್ಲಿ ಯಾರ ಬೆರಳೂ ಪ್ರತಿ ಸಲ ಪೂರ್ತಿ 90 ಡಿಗ್ರಿ ತಿರುಗಿಸುವುದಿಲ್ಲ. ಆದ್ದರಿಂದ ವೇಗಕ್ಕೆ ಬೇಕಾದ ಮುಖ್ಯ ಗುಣ ಇದು. ಅಡ್ಡ ಸಿಕ್ಕಿ ನಿಂತರೆ ಬಿಗಿ ಹೆಚ್ಚಾಗಿದೆ ಎಂದರ್ಥ.

ಮೂಲೆ ಪರೀಕ್ಷೆ: ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿರುಚಲು ನೋಡಿ. ಸುಲಭವಾಗಿ ತಿರುಗಿಬಿಟ್ಟರೆ ಸಡಿಲ ಹೆಚ್ಚಾಗಿದೆ. ಆಟದ ನಡುವೆ ನಿಮಗೆ ಗೊತ್ತಾಗದೆಯೇ ಅದು ತಿರುಗೀತು. ನಮ್ಮ ಐದೂ ಕ್ಯೂಬ್‌ಗಳು ಈ ಪರೀಕ್ಷೆಯಲ್ಲಿ ಮೊದಲು ಅನುತ್ತೀರ್ಣವಾದವು!

ತಂಬೂರಿಯ ತಂತಿ ಹೆಚ್ಚು ಬಿಗಿಯಾದರೆ ಹರಿಯುತ್ತದೆ, ಸಡಿಲವಾದರೆ ನಾದವೇ ಹೊರಡುವುದಿಲ್ಲ. ಸಂಗೀತ ಕಲಿಯುವ ನಮ್ಮ ಗೆಳತಿ ಹೀಗೆ ಹೇಳಿದ ಮೇಲೆ ನಾವು ಈ ಕೆಲಸವನ್ನು "ಶ್ರುತಿ ಮಾಡುವುದು" ಎಂದೇ ಕರೆಯುತ್ತೇವೆ. ಎಲ್ಲರಿಗೂ ಒಂದೇ ಶ್ರುತಿ ಒಗ್ಗುವುದಿಲ್ಲ. ಮೆಲ್ಲಗೆ ತಿರುಗಿಸುವವರಿಗೆ ಸ್ವಲ್ಪ ಸಡಿಲ ಹಿತ. ಜೋರು ಕೈಯವರಿಗೆ ಸ್ವಲ್ಪ ಬಿಗಿ ಬೇಕು.

ಎಣ್ಣೆ ಮತ್ತು ಧೂಳು

ಹೊಸ ಪ್ಲಾಸ್ಟಿಕ್ ಒರಟಾಗಿರುತ್ತದೆ. ತುಂಡುಗಳ ಅಂಚಿನಲ್ಲಿ ಅಚ್ಚಿನ ಗೆರೆ ಎದ್ದು ನಿಂತಿದ್ದರೆ ನಯವಾದ ಸ್ಯಾಂಡ್ ಪೇಪರಿನಿಂದ ಎರಡು ಸಲ ಉಜ್ಜಿದರೆ ಸಾಕು. ಹೆಚ್ಚು ಉಜ್ಜಿದರೆ ತುಂಡು ಸವೆಯುತ್ತದೆ, ಮತ್ತೆ ಬೆಳೆಯುವುದಿಲ್ಲ. ಆಮೇಲೆ ಕೆಲವು ದಿನ ಸುಮ್ಮನೆ ತಿರುಗಿಸುತ್ತಾ ಇರಿ. ತುಂಡುಗಳು ಒಂದಕ್ಕೊಂದು ಉಜ್ಜಿ ತಾವೇ ನಯವಾಗುತ್ತವೆ.

ಹಾಕಬೇಕಾದದ್ದು ಸಿಲಿಕೋನ್ ಎಣ್ಣೆ ಮಾತ್ರ. ಅದೂ ಎರಡು ಮೂರು ಹನಿ. ಸ್ಪ್ರಿಂಗ್ ಕಿರುಗುಟ್ಟಿದರೆ ಅದಕ್ಕೂ ಒಂದು ಹನಿ. ನಮ್ಮಲ್ಲೊಬ್ಬಳು ಅಡುಗೆಮನೆಯ ತೆಂಗಿನೆಣ್ಣೆ ಹಾಕಿದಳು. ಸಂಜೆ ಕ್ಯೂಬ್ ಬೆಣ್ಣೆಯಂತೆ ತಿರುಗಿತು. ಬೆಳಿಗ್ಗೆ ಎದ್ದು ನೋಡಿದರೆ ಅಲುಗಾಡಲಿಲ್ಲ! ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಅವಳ ಕೋಣೆಯ ಎ.ಸಿ. 20ರಲ್ಲಿತ್ತು. ಮಷಿನ್ನಿಗೆ ಹಾಕುವ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಪೆಟ್ರೋಲಿಯಂ ಜೆಲ್ಲಿ ಇವೂ ಬೇಡ. ಅವು ಪ್ಲಾಸ್ಟಿಕ್ಕನ್ನು ಹಾಳುಮಾಡಬಹುದು.

ನಾವಿರುವ ಊರಿನಲ್ಲಿ ಧೂಳೂ ಹೆಚ್ಚು. ಕೆಲವು ತಿಂಗಳಿಗೊಮ್ಮೆ ಅಂಚು ಮತ್ತು ಮೂಲೆಯ ತುಂಡುಗಳನ್ನು ಬಿಚ್ಚಿ, ಸ್ವಲ್ಪ ಸೋಪು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ. ಕೋರಿನಲ್ಲಿ ಸ್ಕ್ರೂ, ಸ್ಪ್ರಿಂಗ್ ಇರುವುದರಿಂದ ಅದನ್ನು ನೀರಿಗೆ ಹಾಕಬೇಡಿ, ತುಕ್ಕು ಹಿಡಿದೀತು. ಒಣ ಬ್ರಷ್ಷಿನಿಂದ ಒರೆಸಿ. ಮತ್ತೆ ಜೋಡಿಸುವಾಗ ಬಣ್ಣ ನೋಡಿ, ಬಿಡಿಸಿದ ಸ್ಥಿತಿಯಲ್ಲೇ ಜೋಡಿಸಿ. ಕುರುಡಾಗಿ ಜೋಡಿಸಿದರೆ ಏನಾಗುತ್ತದೆ ಎಂದು ಈಗ ನಿಮಗೆ ಗೊತ್ತು.

ಡಿಸೆಂಬರ್ 22

ಆ ಹುಡುಗನ ಮನೆಗೆ ನಾವು ನಾಲ್ವರೂ ಹೋದೆವು. ಅವನ ಕ್ಯೂಬನ್ನು ಅವನೆದುರೇ ಬಿಚ್ಚಿದೆವು. ತಿರುಗಿದ ಮೂಲೆಯನ್ನು ತೋರಿಸಿ, ಹನ್ನೆರಡರ ಲೆಕ್ಕ ಹೇಳಿ, "ತಪ್ಪು ನಿನ್ನದಲ್ಲ, ನಮ್ಮದು" ಎಂದೆವು. ಅವನು ಒಂದು ನಿಮಿಷ ಸುಮ್ಮನಿದ್ದು ಕೇಳಿದ: "ಹಾಗಾದ್ರೆ ನಾನು ಮಾಡಿದ್ದು ಸರಿ ಇತ್ತಾ?" ಹೌದು ಎಂದೆವು. "ಎಲ್ಲಾ ಸಲವೂ?" ಎಲ್ಲಾ ಸಲವೂ ಎಂದೆವು. ಆಮೇಲೆ ಸ್ಕ್ರೂಡ್ರೈವರ್ ಅವನ ಕೈಗೇ ಕೊಟ್ಟೆವು. ಕ್ಯೂಬನ್ನು ಶ್ರುತಿ ಮಾಡಿದ್ದು ಅವನೇ. ಮರುದಿನ ನಕ್ಕಿದ್ದ ಎಲ್ಲರ ಎದುರೂ ನಾವು ಇದೇ ಮಾತನ್ನು ಇನ್ನೊಮ್ಮೆ ಹೇಳಿದೆವು. ಹೇಳುವಾಗ ನಾಚಿಕೆಯಾಯಿತು.

ಕ್ಯೂಬಿನ ಮೊದಲ ವಿಶ್ವ ಪಂದ್ಯ 1982ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆಯಿತು. ಅಮೆರಿಕದ ಮಿನ್ ಥಾಯ್ 22.95 ಸೆಕೆಂಡಿನಲ್ಲಿ ಬಿಡಿಸಿ ಗೆದ್ದರು. 2004ರಲ್ಲಿ ವಿಶ್ವ ಕ್ಯೂಬ್ ಸಂಸ್ಥೆ ಹುಟ್ಟಿ ಎಲ್ಲ ದೇಶಗಳಿಗೂ ಒಂದೇ ನಿಯಮ ಬಂತು. 2023ರಲ್ಲಿ ಅಮೆರಿಕದ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಿನಲ್ಲಿ ಬಿಡಿಸಿದರು. ಆ ದಾಖಲೆಯೂ ಆಮೇಲೆ ಮುರಿಯಿತು. ಇದರಲ್ಲಿ ಬೆರಳಿನ ಅಭ್ಯಾಸವೂ ಇದೆ, ಹೊಸ ವಿಧಾನಗಳೂ ಇವೆ, ಚೆನ್ನಾಗಿ ಕಟ್ಟಿದ ಕ್ಯೂಬೂ ಇದೆ. ಪಂದ್ಯದಲ್ಲಿ ಐದು ಸಲ ಬಿಡಿಸಿ, ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುತ್ತಾರೆ. ನಡುವೆ ತುಂಡು ಹಾರಿದರೆ ಗಡಿಯಾರ ನಿಲ್ಲುವುದಿಲ್ಲ. ಕ್ಯೂಬಿನ ಶ್ರುತಿ ಏಕೆ ಮುಖ್ಯ ಎಂದು ಇದರಿಂದಲೇ ತಿಳಿಯುತ್ತದೆ.

ನಮ್ಮ ಗಣಿತ ದಿನದಲ್ಲಿ ಅಂಥ ದಾಖಲೆ ಏನೂ ಆಗಲಿಲ್ಲ. ಐವರೂ ವೇದಿಕೆಯಲ್ಲಿ ಬಿಡಿಸಿದರು. ಆ ಹುಡುಗ 2 ನಿಮಿಷ 14 ಸೆಕೆಂಡ್ ತೆಗೆದುಕೊಂಡ, ಐವರಲ್ಲಿ ಮೂರನೆಯವ. ಒಂದು ತುಂಡೂ ಹಾರಲಿಲ್ಲ. ಈಗ ನಮ್ಮ ಕೂಟದ ಎಲ್ಲ ಕ್ಯೂಬ್‌ಗಳೂ ಅವನ ಕೈ ದಾಟಿಯೇ ಹೊರಗೆ ಹೋಗುತ್ತವೆ. ಎಳೆಯುವ, ಓರೆಯ, ಮೂಲೆಯ ಪರೀಕ್ಷೆ ಮೂರನ್ನೂ ಅವನು ಮಾಡುತ್ತಾನೆ. ನಮ್ಮ ಕ್ಯೂಬ್‌ಗಳನ್ನೂ ಎರಡು ಸಲ ತಿರಸ್ಕರಿಸಿದ್ದಾನೆ!

ಪೋಷಕರಿಗೆ ಎರಡು ಮಾತು

ಸ್ಕ್ರೂ, ಸ್ಪ್ರಿಂಗ್, ಅದಕ್ಕಿಂತ ಮುಖ್ಯವಾಗಿ ಹೊಸ ಕ್ಯೂಬ್‌ಗಳ ಮ್ಯಾಗ್ನೆಟ್‌ಗಳು ಪುಟ್ಟ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಒಂದಕ್ಕಿಂತ ಹೆಚ್ಚು ಮ್ಯಾಗ್ನೆಟ್ ನುಂಗಿದರೆ ಬಹಳ ಅಪಾಯ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು ಹೇಳಲು ನಾವು ಚಿಕ್ಕವರು. ಆದರೂ ಅನುಭವದಿಂದ ಹೇಳುತ್ತೇವೆ. ಮಗು "ನನಗೆ ಬರುವುದಿಲ್ಲ" ಎಂದಾಗ ಅದರ ಕೈಯಲ್ಲಿರುವ ಕ್ಯೂಬನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ನಾವು ಆ ಮೂರು ವಾರಗಳಲ್ಲಿ ಒಮ್ಮೆಯಾದರೂ ಹಾಗೆ ನೋಡಿದ್ದರೆ ಐದೇ ನಿಮಿಷದಲ್ಲಿ ತಿಳಿಯುತ್ತಿತ್ತು.

ಮಾಡಿ ನೋಡಿ

1. 40,320 × 6,561 × 47,90,01,600 × 4,096 ಇದನ್ನು ಗುಣಿಸಿ 12ರಿಂದ ಭಾಗಿಸಿ. ನಾವು ಕೊಟ್ಟ ಸಂಖ್ಯೆ ಬರುತ್ತದೆಯೇ?

2. ಒಂದು ಮೂಲೆಯನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ತಿರುಚಿದರೆ ಆ ಕ್ಯೂಬನ್ನು ಬಿಡಿಸಬಹುದೇ?

3. ಎರಡು ಮೂಲೆಗಳನ್ನೂ ಬಲಕ್ಕೇ ತಿರುಚಿದರೆ? ಮೂರನ್ನು ಬಲಕ್ಕೆ ತಿರುಚಿದರೆ?

ಉತ್ತರ: 1. ಬರುತ್ತದೆ. ಕಾಗದದ ಮೇಲೆಯೇ ಮಾಡಿ, ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ ಇಷ್ಟು ಅಂಕೆ ಹಿಡಿಸುವುದಿಲ್ಲ. 2. ಬಿಡಿಸಬಹುದು, ಮೊತ್ತ 1 + 2 = 3. 3. ಎರಡು ತಿರುಚಿದರೆ ಆಗದು, ಮೊತ್ತ 2. ಮೂರು ತಿರುಚಿದರೆ ಬಿಡಿಸಬಹುದು, ಮೊತ್ತ 3.

ಸಂಶಯ ಇದ್ದರೆ ಗುರುವಾರ ಶಾಲೆ ಬಿಟ್ಟ ಮೇಲೆ ಗಣಿತ ಕೂಟಕ್ಕೆ ಬನ್ನಿ. ನಿಮ್ಮ ಕ್ಯೂಬನ್ನೂ ತನ್ನಿ.

ಒಂಬತ್ತನೇ ತರಗತಿಯ ಕನ್ನಡ ವಿದ್ಯಾರ್ಥಿಗಳು, ಗಣಿತ ಕೂಟ